ಗೆರೆ ಬರೆಗೆ ತಾಕಿದರೆ

ನನ್ನ ವಿದ್ಯಾರ್ಥಿನಿ ಭಾಗ್ಯಾ ಆ ಫೋಟೊ ತಂದ ದಿನ ನಾನು ಅವಳನ್ನು ಚೆನ್ನಾಗಿ ಬೈದಿದ್ದೆ. ನನ್ನ ಬಾಯಿಯೇ ಹಾಗೆ. ಗದಗಿನ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ ಶೀತಲ್ ಮೇಡಂ ಬಂದರು ಎಂದರೆ ಹುಡುಗರು ವರಾಂಡದಲ್ಲಿ ದಾರಿ ಬದಲಿಸುತ್ತಾರೆ, ಅದು ನನಗೂ ಗೊತ್ತು. ಲಕ್ಷ್ಮೇಶ್ವರದ ಕಾಳಿನ ವ್ಯಾಪಾರದ ಮನೆಯಲ್ಲಿ ಹುಟ್ಟಿದವಳು ನಾನು. ಒಂದು ಹುಳುಕು ಕಡಲೆ ಕಂಡರೆ ಇಡೀ ಚೀಲಕ್ಕೆ ಮಂಗಳಾರತಿ ಮಾಡುವ ಅಪ್ಪನ ಕೈಯಲ್ಲಿ ಬೆಳೆದ ಮೇಲೆ ನಾಲಿಗೆ ಮೆತ್ತಗಿರಲಿ ಎಂದರೆ ಹೇಗಿರುತ್ತದೆ?

"ಇದೇನ್ ತಂದೀಯವಾ? ಕಂದು ಜಿಗಿಚಿಟ್ಟಿ. ನಮ್ಮ ಲಕ್ಷ್ಮೇಶ್ವರದಾಗ ಗಟಾರದ ದಂಡಿಗೂ ಅದಾವ ಇವು. ಇದನ್ನ ತೋರಸಾಕ ಡಂಬಳದ ಆಚಿಂದ ಬಸ್ ಹತ್ತಿ ಬಂದೀಯೇನು?" ಎಂದೆ.

ಅವಳು ಅಳಲಿಲ್ಲ. ನನ್ನ ಮೇಜಿನ ಮೇಲಿದ್ದ ಅಳತೆಪಟ್ಟಿಯನ್ನು ಎತ್ತಿ ಫೋಟೊದ ಮೇಲೆ ಓರೆಯಾಗಿ ಇಟ್ಟಳು. "ಬೈರಿ ಅಕ್ಕೋರ, ಬ್ಯಾಡ ಅನ್ನಂಗಿಲ್ಲ. ಗೆರಿ ಎಳದು ನೋಡಿ ಬೈರಿ," ಎಂದಳು.

ಜಿಗಿಚಿಟ್ಟೆ ಎಂದರೆ ಏನು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಇಂಗ್ಲಿಷಿನಲ್ಲಿ ಸ್ಕಿಪ್ಪರ್ ಅನ್ನುತ್ತಾರೆ. ಚಿಟ್ಟೆ ಎಂದ ಕೂಡಲೇ ನಿಮ್ಮ ಕಣ್ಣ ಮುಂದೆ ಬರುವ ಬಣ್ಣ, ಬೆಡಗು ಯಾವುದೂ ಇದಕ್ಕಿಲ್ಲ. ದಪ್ಪ ಮೈ, ಗಿಡ್ಡ ರೆಕ್ಕೆ, ಕೊಕ್ಕೆಯ ಹಾಗೆ ಬಾಗಿದ ಮೀಸೆ. ತೇಲುತ್ತ ಹಾರುವುದಿಲ್ಲ, ಒಂದು ಹುಲ್ಲಿನಿಂದ ಇನ್ನೊಂದಕ್ಕೆ ಸಿಡಿಯುತ್ತದೆ. ಒಣಗಿದ ಸಗಣಿ ಕುಳ್ಳಿನ ಕಂದು, ಅದರ ಮೇಲೆ ನಾಲ್ಕಾರು ಬಿಳಿ ಚುಕ್ಕೆ, ಅಷ್ಟೇ. ಒಂದು ಜಾತಿಗೂ ಇನ್ನೊಂದಕ್ಕೂ ಎಷ್ಟು ಹೋಲಿಕೆ ಎಂದರೆ, ಓದಿ ಓದಿ ಕನ್ನಡಕ ಬಂದವರೂ ತಪ್ಪು ಹೆಸರು ಹೇಳಿ ನಾಲಿಗೆ ಕಚ್ಚಿಕೊಳ್ಳುತ್ತಾರೆ.

ಗಂಡಿನ ಮುಂದಿನ ರೆಕ್ಕೆಯ ಮೇಲೆ ಬೂದು ಬಣ್ಣದ ಒಂದು ಸಣ್ಣ ಓರೆ ಗೀರು ಇರುತ್ತದೆ. ನಾವು ಅದಕ್ಕೆ ಬರೆ ಎನ್ನುತ್ತಿದ್ದೆವು. ಅದರ ಮೇಲ್ಗಡೆ ಜೋಡಿ ಚುಕ್ಕೆ. ಆ ಎರಡು ಚುಕ್ಕೆಗಳ ಮೇಲಿಂದ ಒಂದು ಗೆರೆ ಎಳೆದು ಮುಂದುವರಿಸಬೇಕು. ಗೆರೆ ಬರೆಗೆ ತಾಕಿದರೆ ಅದು ಊರೆಲ್ಲ ಸಿಗುವ ಜಾತಿ. ಬರೆ ಗಿಡ್ಡವಾಗಿದ್ದು, ಗೆರೆ ಅದಕ್ಕೆ ತಾಕದೆ ಬದಿಯಿಂದ ಹೋದರೆ ಬೇರೆ ಜಾತಿ. ಹೆಣ್ಣಿಗೆ ಬರೆಯೇ ಇಲ್ಲ, ಹೀಗಾಗಿ ಹೆಣ್ಣು ಸಿಕ್ಕರೆ ಎದೆ ತಟ್ಟಿ ಏನೂ ಹೇಳಲಾಗದು. ಪುಸ್ತಕದ ಉದ್ದುದ್ದ ಹೆಸರುಗಳನ್ನು ಬಿಟ್ಟು ನಾವು ಮೊದಲನೆಯದನ್ನು ಸಾದಾ ಎಂದೆವು, ಎರಡನೆಯದನ್ನು ಗುಡ್ಡದ್ದು ಎಂದೆವು.

ಭಾಗ್ಯಾಳ ಫೋಟೊದಲ್ಲಿ ಗೆರೆ ಬರೆಯನ್ನು ಮುಟ್ಟದೆ ಹೋಗಿತ್ತು. ನಾನು ಪಟ್ಟಿಯನ್ನು ತಿರುಗಿಸಿ, ಮರಳಿಸಿ ಇಟ್ಟು ನೋಡಿದೆ. ನಮ್ಮ ಒಣ ಸೀಮೆಯಲ್ಲಿ ಅದು ಇದೆ ಎಂದು ನಾನು ಎಲ್ಲೂ ಓದಿರಲಿಲ್ಲ. "ಎಲ್ಲಿ ಸಿಕ್ತು?" ಎಂದು ಕೇಳುವಾಗ ನನ್ನ ದನಿಯಲ್ಲಿದ್ದ ಖಾರ ಇಳಿದಿತ್ತು.

"ನಮ್ಮ ಹುಲ್ಲಬೆನ್ನಾಗ್ರಿ," ಎಂದಳು.

ಹುಲ್ಲಬೆನ್ನು ಎಂದರೆ ಕಪ್ಪತಗುಡ್ಡದ ಒಂದು ಇಳಿಜಾರು. ಅದರ ಬುಡದಲ್ಲಿ ಭಾಗ್ಯಾಳ ಹಟ್ಟಿ. ಅಲ್ಲಿ ಇರುವವರೆಲ್ಲ ಕುರಿ ಸಾಕುವವರು, ಅವಳ ಅಪ್ಪ ಮಾಳಿಂಗರಾಯನೂ ಅಷ್ಟೇ. ಗುಡ್ಡದ ನೆತ್ತಿಯನ್ನು ಗಾಳಿಯಂತ್ರಗಳು ಹಿಡಿದವು, ಆಚೆ ಬದಿಗೆ ತಂತಿಬೇಲಿ ಬಿತ್ತು. ಕುರಿಯ ಮೇವಿಗೆ ಉಳಿದದ್ದು ಈ ಇಳಿಜಾರು ಒಂದೇ. ಅಭಯಾರಣ್ಯದ ಗಡಿ ಅದಕ್ಕಿಂತ ಸ್ವಲ್ಪ ಮೇಲೆಯೇ ನಿಂತುಬಿಟ್ಟಿದೆ. ಆ ಸ್ವಲ್ಪ ಜಾಗದ ಮೇಲೆಯೇ ಒಂದು ಕ್ವಾರಿ ಕಂಪನಿ ಕಣ್ಣು ಹಾಕಿ, ಕಲ್ಲು ಒಡೆಯಲು ಅನುಮತಿ ಕೇಳಿತ್ತು. ಹಟ್ಟಿಯವರು ಕುರಿ ಮೇಯುತ್ತವೆ ಎಂದರು, ಬೇರೆಡೆ ಮೇಯಿಸಿ ಎಂದು ಉತ್ತರ ಬಂತು. ಬಾವಿಗೆ ನೀರು ಆ ಇಳಿಜಾರಿನಿಂದಲೇ ಬಸಿಯುತ್ತದೆ ಎಂದರು, ಟ್ಯಾಂಕರ್ ಬರುತ್ತದೆ ಎಂಬ ಉತ್ತರ ಬಂತು. ಮನುಷ್ಯರು ಹೇಳಿದ್ದಕ್ಕೆ ಕಿವಿ ಕೊಡುವವರೇ ಇರಲಿಲ್ಲ.

ಆದರೆ ಹುಳುವಿನ ಮಾತು ನಡೆಯಿತು. ಭಾಗ್ಯಾ ಆಗ ಎಂಎಸ್ಸಿ ಮುಗಿಸಿ ನನ್ನ ಕೈಕೆಳಗೆ ಸಂಶೋಧನೆಗೆ ಸೇರಿದ್ದಳು. ಅವಳೂ ನಾನೂ ಸೇರಿ ಆಕ್ಷೇಪ ಬರೆದೆವು. ಸುತ್ತ ಬೇರೆಲ್ಲೂ ಕಾಣದ ಜೀವಿ ಇಲ್ಲಿದೆ, ಇದರ ನೆಲೆ ಒಡೆಯಬಾರದು ಎಂದೆವು. ಕಡತ ನಿಂತಿತು. ಕೊನೆಗೆ ಮೇಲಿನವರು ಹೇಳಿದ್ದು ಇಷ್ಟು: ಫೋಟೊವನ್ನು ಎಲ್ಲಿ ಬೇಕಾದರೂ ತೆಗೆಯಬಹುದು, ಹಿಡಿದಿಡಲು ನಿಮಗೆ ಪರವಾನಗಿ ಇಲ್ಲ, ಆದ್ದರಿಂದ ಸಮಿತಿ ಮಳೆಗಾಲದಲ್ಲಿ ಸ್ಥಳಕ್ಕೇ ಬರುತ್ತದೆ, ಅಲ್ಲಿ ತೋರಿಸಿ. ಕಂಡರೆ ಕ್ವಾರಿ ಇಲ್ಲ. ಕಾಣದಿದ್ದರೆ ಕಲ್ಲು ಅವರದು.

ಆ ಬೇಸಿಗೆಯೆಲ್ಲ ಭಾಗ್ಯಾ ಧಾರವಾಡದಲ್ಲಿದ್ದಳು. ಅಲ್ಲಿನ ಹಳೆಯ ಸಂಗ್ರಹದಲ್ಲಿ ಸೂಜಿ ಚುಚ್ಚಿಟ್ಟ ಜಿಗಿಚಿಟ್ಟೆಗಳೊಡನೆ ತನ್ನ ಫೋಟೊಗಳನ್ನು ಹೋಲಿಸಿ ನೋಡುವ ಕೆಲಸ. ನಾನೂ ಒಂದು ವಾರ ಹೋಗಿದ್ದೆ. ಸಂಜೆ ಚಹಾ ಕುಡಿಯುವಾಗ ಅವಳ ಅಪ್ಪನ ಫೋನು ಬಂತು. ಮಾಳಿಂಗರಾಯ ಫೋನಿನಲ್ಲಿ ಮಾತಾಡುವುದೆಂದರೆ ಗುಡ್ಡದ ಆ ತುದಿಯಲ್ಲಿದ್ದವರನ್ನು ಕೂಗಿ ಕರೆದ ಹಾಗೆ. ಪಕ್ಕದಲ್ಲಿ ಕೂತ ನನಗೂ ಎಲ್ಲ ಕೇಳುತ್ತಿತ್ತು.

"ಯವ್ವಾ, ಸಾಹೇಬ್ರು ಬಂದಾಗ ಆ ನಿನ್ನ ಹುಳ ಕಾಣಬೇಕಂದ್ರ ಏನಿರಬೇಕು ಅಲ್ಲಿ?"

"ಎಳೀ ಹುಲ್ಲಿರಬೇಕಪ್ಪ. ಅದು ತತ್ತಿ ಇಡೂದ ಎಳೀ ಹುಲ್ಲಿನ ಮ್ಯಾಲ."

"ಅಷ್ಟ ಹೌದಲ್ಲ? ಆತು ಬಿಡು. ನಾ ಅದೀನಿ."

ಅವಳು ನಗುತ್ತ ಫೋನು ಇಟ್ಟಳು. "ನಮ್ಮಪ್ಪ ಈಗ ಮಳಿನೂ ತರಸ್ತಾನ ನೋಡ್ರಿ ಅಕ್ಕೋರ," ಎಂದಳು. ನಾನೂ ನಕ್ಕೆ.

ಸಮಿತಿ ಬರುವ ಹಿಂದಿನ ದಿನ ನಾವಿಬ್ಬರೂ ಹಟ್ಟಿಗೆ ಹೋದೆವು. ಆರಿದ್ರಾ ಮಳೆ ಒಂದು ಹದ ಬಿದ್ದು, ಮೋಡ ಹರಿದು ಹೊಳವಾಗಿತ್ತು. ಭಾಗ್ಯಾಳ ಅವ್ವ ಮರಿಯವ್ವ ನಮಗೆ ಮಜ್ಜಿಗೆ ಕೊಟ್ಟು ಇನ್ನೂ ಲೋಟ ಕೆಳಗಿಡುವ ಮೊದಲೇ ಮಾಳಿಂಗರಾಯ ಅಂಗಳದಲ್ಲಿ ನಿಂತು ಚಡಪಡಿಸತೊಡಗಿದ. ಎತ್ತರದ ಆಳು, ಹೆಗಲ ಮೇಲೆ ಸದಾ ಕರಿ ಕಂಬಳಿ. ಮೂರು ಹಟ್ಟಿಯ ಕುರಿ ಕಲೆತು ನಿಂತರೂ ತನ್ನದನ್ನು ಮುಖ ನೋಡಿಯೇ ಬೇರೆ ಮಾಡುವ ಮನುಷ್ಯ ಅಂದು ಮದುವೆ ಮನೆಯ ಹುಡುಗನ ಹಾಗೆ ಕುಣಿಯುತ್ತಿದ್ದ.

"ರೊಟ್ಟಿ ಆಮ್ಯಾಲ ತಿನ್ನೀರಂತ. ಮೊದಲ ಗುಡ್ಡಕ್ಕ ಬರ್ರಿ ಅಕ್ಕೋರ. ನೀವು ಕಣ್ಣ ತಗದು ನೋಡ್ರಿ, ಆಮ್ಯಾಲ ಮಾತಾಡೂಣು!"

ಹತ್ತಿ ನೋಡಿದರೆ, ಅಬ್ಬಾ, ಏನು ಹಸಿರು! ಸುತ್ತಲಿನ ಇಳಿಜಾರೆಲ್ಲ ಇನ್ನೂ ಅರ್ಧ ಹಳದಿ, ಅರ್ಧ ಬೂದು. ಹುಲ್ಲಬೆನ್ನು ಮಾತ್ರ ಭತ್ತದ ಸಸಿಮಡಿಯ ಹಾಗೆ ಎಳೆ ಹಸಿರಿನಿಂದ ತುಂಬಿತ್ತು. ಹೆಜ್ಜೆ ಇಟ್ಟಲ್ಲೆಲ್ಲ ಕಾಲ ಬುಡದಿಂದ ಕಂದು ಜಿಗಿಚಿಟ್ಟೆಗಳು ಸಿಡಿದು ಎದ್ದವು. ಗೆದ್ದೆವು ಎಂದುಕೊಂಡೆ. ಭಾಗ್ಯಾ ಚಪ್ಪಲಿಯನ್ನು ಅಲ್ಲೇ ಬಿಟ್ಟು ಓಡಿದಳು.

ಓಡಿದವಳು ನಡುವೆ ನಿಂತಳು. ಮೊಣಕಾಲೂರಿ ಕೂತು ಹುಲ್ಲಿನ ಒಂದು ಬುಡವನ್ನು ಎರಡೂ ಕೈಯಿಂದ ಸೀಳಿದಳು. ಪಕ್ಕದ್ದನ್ನು ಸೀಳಿದಳು. ಅವಳ ಬೆರಳುಗಳು ಮಸಿಯಾಗಿದ್ದನ್ನು ನಾನು ದೂರದಿಂದಲೇ ಕಂಡೆ.

"ಯಪ್ಪಾ, ಇಲ್ಲಿ ಬೆಂಕಿ ಬಿದ್ದಿತ್ತೇನ?"

"ಬಿದ್ದಿದ್ದಲ್ಲವಾ, ನಾನ ಹಚ್ಚಿದ್ದು!" ಮಾಳಿಂಗರಾಯ ಎದೆಯುಬ್ಬಿಸಿ ಹೇಳಿದ. "ರೋಹಿಣಿ ಮಳಿಗಿಂತ ಮೊದಲ. ಒಣಾ ಹುಲ್ಲು ಸುಟ್ರ ಮಳಿ ಬಿದ್ದ ಮ್ಯಾಲ ಎಳೀ ಹುಲ್ಲು ಹೆಂಗ ಎದ್ದು ಬರತೈತಿ ಗೊತ್ತೈತಿಲ್ಲ? ನಮ್ಮಪ್ಪ, ನಮ್ಮಜ್ಜ ಎಲ್ಲಾರೂ ಮಾಡಿದ್ದು. ಇದೊಂದು ಬೆನ್ನು ಮಾತ್ರ ಕೊಯ್ದು ಬಣವಿ ಒಟ್ಟಾಕ ಬಿಡತಿದ್ವಿ, ಸುಡತಿರಲಿಲ್ಲ. ಈ ವರ್ಷ ಬಣವಿ ಹೋದ್ರ ಹೋಗಲಿ, ನನ್ನ ಮಗಳ ಹುಳಕ್ಕ ಮೇವಾಗಲಿ ಅಂದೆ. ಹಟ್ಟ್ಯಾಗಿನವರೆಲ್ಲಾ ಸೇರಿ, ಬೆಂಕಿ ಆಚಿ ಹೋಗದಂಗ ಕಾದು, ಒಂದ ಕಡ್ಡಿ ಉಳಿಸದಂಗ ಸುಟ್ಟೀವಿ!"

ಒಂದು ಕಡ್ಡಿಯೂ ಉಳಿಯದ ಹಾಗೆ. ಜಿಗಿಚಿಟ್ಟೆಯ ಮರಿಹುಳು ಹುಲ್ಲಿನ ಎಲೆಯನ್ನು ಸುರುಳಿ ಸುತ್ತಿ, ನೂಲಿನಿಂದ ಹೊಲಿದು, ಅದರೊಳಗೆ ಇರುತ್ತದೆ. ಆ ಇಳಿಜಾರಿನಲ್ಲಿ ಬೇಸಿಗೆ ಕಳೆಯುವುದು ಹುಲ್ಲಿನ ಬುಡದ ಒಣ ಸುರುಳಿಯಲ್ಲೇ ಎಂಬುದನ್ನು ಭಾಗ್ಯಾ ಹಿಂದಿನ ವರ್ಷ ಕಣ್ಣಾರೆ ಕಂಡು ಬರೆದಿಟ್ಟಿದ್ದಳು. ಸಾದಾ ಜಾತಿಗೆ ಕೆಳಗಿನ ಹೊಲಗಳೆಲ್ಲ ಮನೆ. ಇಲ್ಲಿ ಸತ್ತರೆ ಅಲ್ಲಿಂದ ಹಾರಿ ಬಂದು ಎಳೆ ಹುಲ್ಲಿಗೆ ಮುತ್ತಿಕೊಳ್ಳುತ್ತದೆ. ಗುಡ್ಡದ್ದಕ್ಕೆ ಇದ್ದದ್ದು ಈ ಬೆನ್ನು ಒಂದೇ. ಬೇಲಿ ಬೀಳುವ ಮೊದಲು ಉಳಿದ ಬೆನ್ನುಗಳನ್ನು ಪ್ರತಿ ವರ್ಷ ಸುಡುತ್ತಿದ್ದರು, ಇದನ್ನು ಬಿಡುತ್ತಿದ್ದರು, ಅದಕ್ಕೇ ಅದು ಇಲ್ಲಿ ಬದುಕಿಕೊಂಡಿತ್ತು.

"ಏನ್ ಮಾಡೀರಿ ನೀವು, ನಿಮ್ಮ ಬುದ್ಧಿ ಎಲ್ಲಿ..." ಎಂದು ನಾನು ಬಾಯಿ ತೆಗೆದಿದ್ದೆ. ಭಾಗ್ಯಾ ಎದ್ದು ಬಂದು ನನ್ನ ಮುಂಗೈಯನ್ನು ನೋಯುವ ಹಾಗೆ ಹಿಡಿದಳು. ಅಪ್ಪನ ಕಡೆ ತಿರುಗಿ, "ಭಾಳ ಚಲೋ ಬಂದೈತಪ್ಪ ಹುಲ್ಲು. ನೀ ಕುರಿ ಹೊಡಕೊಂಡು ಬಾ ಹೋಗು. ನಾವು ನೋಡತೇವಿ," ಎಂದಳು. ಅವನು ಶಿಳ್ಳೆ ಹಾಕುತ್ತ ಇಳಿದುಹೋದ.

"ಅಪ್ಪಗ ಹೇಳಬ್ಯಾಡ್ರಿ ಅಕ್ಕೋರ. ನಿಮ್ಮ ಕಾಲಿಗೆ ಬೀಳತೇನಿ," ಎಂದಳು.

ಹೊತ್ತು ಇಳಿಯುವವರೆಗೆ ಹಿಡಿದು ನೋಡಿದೆವು. ತೆಳುಬಟ್ಟೆಯ ಬಲೆಯಲ್ಲಿ ಹಿಡಿಯುವುದು, ಮೆಲ್ಲಗೆ ರೆಕ್ಕೆ ಬಿಚ್ಚಿ ನೋಡುವುದು, ಬಿಡುವುದು. ಹೆಣ್ಣು. ಹೆಣ್ಣು. ಗಂಡು, ಗೆರೆ ತಾಕಿತು. ಗಂಡು, ಗೆರೆ ತಾಕಿತು. ಒಂದರಲ್ಲಿ ಬರೆ ಗಿಡ್ಡ ಅನ್ನಿಸಿ ಭಾಗ್ಯಾ ಅದನ್ನು ಬಿಸಿಲಿಗೆ ಹಿಡಿದಳು. ನೋಡಿದರೆ ರೆಕ್ಕೆಯ ಹುಡಿ ಉದುರಿ ಬರೆಯ ತುದಿ ಅಳಿಸಿತ್ತು. ಎಲ್ಲವೂ ಸಾದಾ. ದೇವರೇ, ನನಗೆ ಆ ಚಿಟ್ಟೆಗಳ ಮೇಲೇ ಸಿಟ್ಟು ಬಂತು. ಇಷ್ಟೊಂದು ಬಂದಿದ್ದೀರಲ್ಲ, ಯಾರು ಕರೆದಿದ್ದರು ನಿಮ್ಮನ್ನು?

ಒಂದು ಬಂಡೆಯ ಮೇಲೆ ಕೂತಾಗ ನಾನು ಹೇಳಿದೆ, "ನಾಳೆ ಬರೂ ಸಮಿತಿ ನಂದೀಶ ಸಾಹೇಬ್ರು ಹಕ್ಕಿ ಓದಿದವರು. ಅವರಿಗೆ ಇದರ ಗಂಧಗಾಳಿ ಇಲ್ಲ. ನೀ ಹೌದು ಅಂದ್ರ ಹೌದು. ಹೌದು ಅಂದುಬಿಡು."

"ಸುಳ್ಳ ಹೇಳಂತೀರಿ?"

"ಹೂಂ, ಹೇಳು! ಹೋದ ವರ್ಷ ಇದ್ದದ್ದು ಖರೆ ಅಲ್ಲೇನ? ಒಂದ ವರ್ಷದ ಸುಳ್ಳಿಗೆ ಗುಡ್ಡ ಉಳೀತದಂದ್ರ ಯಾರಪ್ಪನ ಗಂಟು ಹೋಗತೈತಿ?"

"ಪಟ್ಟಿ ಇಡದ ಹೆಸರು ಹೇಳಬ್ಯಾಡ ಅಂತ ನನ್ನನ್ನ ಕ್ಲಾಸಿನಿಂದ ಹೊರಗ ಹಾಕಿದ್ದು ಯಾರ್ರೀ ಅಕ್ಕೋರ?"

ನನಗೆ ಮೈಯೆಲ್ಲ ಉರಿಯಿತು. ಕಲಿಸಿದ್ದನ್ನು ಹೀಗೆ ಮುಖಕ್ಕೆ ತಿರುಗಿಸಿ ಎರಚುವ ಹುಡುಗಿಯರನ್ನು ಏನು ಮಾಡಬೇಕು? ಆದರೆ ಅವಳ ಕಣ್ಣಲ್ಲಿ ನೀರು ತುಂಬಿತ್ತು. ನಾನು ಬಲೆ ಮಡಚಿದೆ.

ಮರುದಿನ ಬೆಳಿಗ್ಗೆ ಜೀಪುಗಳು ಬಂದವು. ಮುಂದಿನದರಲ್ಲಿ ನಂದೀಶ ಮತ್ತು ಇಬ್ಬರು ಅಧಿಕಾರಿಗಳು, ಹಿಂದಿನದರಲ್ಲಿ ಕಂಪನಿಯ ಪರವಾಗಿ ಮುಂಡರಗಿಯ ವೀರು ಮತ್ತು ಅವನ ಆಳುಗಳು. ವೀರುವನ್ನು ಬೈಯಲು ನನಗೆ ಒಂದು ನೆಪವೂ ಸಿಗಲಿಲ್ಲ. ಕೈ ಮುಗಿದ, ಹಿರಿಯರಿಗೆ ನಮಸ್ಕರಿಸಿದ, ಎಲ್ಲರಿಗೂ ಆಗುವಷ್ಟು ಉಪ್ಪಿಟ್ಟು ಕಟ್ಟಿಸಿಕೊಂಡು ಬಂದಿದ್ದ. ಕೆಟ್ಟವರು ಕೆಟ್ಟವರ ಹಾಗೆ ಇರದಿದ್ದರೆ ನನಗೆ ಇನ್ನೂ ಸಿಟ್ಟು. ನಾನು ಆ ಉಪ್ಪಿಟ್ಟು ಮುಟ್ಟಲಿಲ್ಲ.

ಹಟ್ಟಿಯ ಜನವೆಲ್ಲ ಹುಲ್ಲಬೆನ್ನಿಗೆ ಹತ್ತಿ ಬಂದಿತ್ತು. ಮರಿಯವ್ವ ಸೆರಗು ಹೊದ್ದು ಮುಳ್ಳುಕಂಟಿಯ ಪಕ್ಕ ನಿಂತಿದ್ದಳು. ಜಿಗಿಚಿಟ್ಟೆಗಳು ಎದ್ದಾಗ ನಂದೀಶರ ಮುಖ ಅರಳಿತು. ಹುಲಕೋಟಿಯ ಕಡೆಯವರಂತೆ, ಸರಳ ಮನುಷ್ಯ. "ಇಷ್ಟೊಂದು ನಾ ಎಲ್ಲೂ ನೋಡಿಲ್ಲ ಬಿಡ್ರಿ," ಎಂದರು.

ಭಾಗ್ಯಾ ಬಲೆ ಬಿಚ್ಚುವ ಮೊದಲೇ ಮಾಳಿಂಗರಾಯ ಬಗ್ಗಿ, ಎರಡೂ ಅಂಗೈ ಬಟ್ಟಲು ಮಾಡಿ ಒಂದನ್ನು ಮುಚ್ಚಿ ಹಿಡಿದುಬಿಟ್ಟಿದ್ದ. ಆಗ ತಾನೆ ಹುಟ್ಟಿದ ಮರಿಯನ್ನು ಎತ್ತುವ ಕೈ ಅದು, ರೆಕ್ಕೆಯ ಹುಡಿಯೂ ಉದುರಿರಲಿಲ್ಲ. ನಂದೀಶರ ಮುಂದೆ ಬಂದು ಬೆರಳು ಸಡಿಲಿಸಿ ತೋರಿಸಿದ.

"ನೋಡ್ರಿ ಸಾಹೇಬ್ರ. ನನ್ನ ಮಗಳ ಹುಳ."

ನಂದೀಶ ಕನ್ನಡಕ ಏರಿಸಿ ನೋಡಿದರು. ಆಮೇಲೆ ಭಾಗ್ಯಾಳಿಗೆ ಹೇಳಿದರು, "ನನಗಂತೂ ಇವೆಲ್ಲಾ ಒಂದ ಥರಾ ಕಾಣತಾವ ತಂಗಿ. ನೀನ ಹೇಳು. ನೀ ಹೌದು ಅಂದ್ರ ನಾನು ಇಲ್ಲೇ ಬರದು ಸಹಿ ಮಾಡತೇನಿ."

ಭಾಗ್ಯಾ ಅಪ್ಪನ ಅಂಗೈ ನೋಡಿದಳು. ನಾನೂ ನೋಡಿದೆ. ಗಂಡು, ರೆಕ್ಕೆ ಅರ್ಧ ಬಿಚ್ಚಿತ್ತು. ಪಟ್ಟಿ ಬೇಕಾಗಿರಲಿಲ್ಲ, ಚುಕ್ಕೆಗಳ ಗೆರೆ ಬರೆಯ ನಡುವಿಗೇ ಹೋಗಿ ನಿಲ್ಲುತ್ತಿತ್ತು. ಹೌದು ಅನ್ನೇ ಹುಡುಗಿ, ಒಂದು ಸಲ ಅನ್ನೇ, ಎಂದು ನಾನು ಒಳಗೊಳಗೇ ಬಡಿದುಕೊಂಡೆ. ಅವಳು ಅಪ್ಪನ ಮುಖ ನೋಡಿದಳು. ಅವನು ನಗುತ್ತಿದ್ದ.

"ಅಲ್ರಿ," ಎಂದಳು. "ಇದು ಸಾದಾ."

ಮಾಳಿಂಗರಾಯನ ನಗೆ ಹಾಗೇ ಇತ್ತು. ಮಗಳು ತಪ್ಪು ನೋಡಿದ್ದಾಳೆ ಎಂದೇ ಅವನು ತಿಳಿದ. "ಬಿಸಲಿಗಿ ಸರಿಯಾಗಿ ಕಂಡಿಲ್ಲ ಅಕಿಗಿ. ತಡೀರಿ ಸಾಹೇಬ್ರ, ಇನ್ನೊಂದು ಹಿಡೀತೇನಿ," ಎಂದ. ಅದನ್ನು ಬಿಟ್ಟು ಇನ್ನೊಂದು ತಂದ. ಭಾಗ್ಯಾ ತಲೆ ಅಲ್ಲಾಡಿಸಿದಳು. ಇನ್ನೊಂದು ತಂದ. ಹಟ್ಟಿಯ ಜನರಲ್ಲಿ ಗುಸುಗುಸು ಎದ್ದಿತು. ನಂದೀಶ ತಮ್ಮ ಪ್ಯಾಂಟಿನ ಅಂಚಿಗೆ ಹತ್ತಿದ ಮಸಿಯನ್ನು ಕಂಡು, ಕಾಲಿನಿಂದ ಹುಲ್ಲು ಸರಿಸಿದರು.

"ಇಲ್ಲಿ ಬೆಂಕಿ ಬಿದ್ದೈತಲ್ಲ. ಅದಕ್ಕ ಹೋಗ್ಯಾವೇನು ಅವು? ಯಾರ ಹಚ್ಚಿದ್ರು?"

ಯಾರೂ ಬಾಯಿ ಬಿಡಲಿಲ್ಲ. ನಾನು ಬಿಟ್ಟೆ. ಆ ಕ್ಷಣ ನನಗೆ ಮಾಳಿಂಗರಾಯನ ಮುಖ, ಭಾಗ್ಯಾಳ ಮುಖ, ವೀರುವಿನ ಇಸ್ತ್ರಿ ಮಾಡಿದ ಅಂಗಿ ಎಲ್ಲ ಒಟ್ಟಿಗೆ ಕಂಡವು. "ಯಾರ ಹಚ್ಚತಾರ್ರೀ? ಹುಳ ಸತ್ರ ಯಾರಿಗೆ ಲಾಭ ಐತಿ, ಅವರ ಹಚ್ಚಿರತಾರ! ಸಮಿತಿ ಬರತೈತಂತ ಗೊತ್ತಾದ ಮ್ಯಾಲ ಸುಟ್ಟಾರ!" ಎಂದು ಕೂಗಿದೆ.

ವೀರುವಿನ ಮುಖದ ಬಣ್ಣ ಇಳಿಯಿತು. "ಯಮ್ಮಾ, ದೇವರಾಣಿ, ನಮಗ ಇದು ಗೊತ್ತ ಇಲ್ರಿ. ನಮ್ಮ ಮಂದಿ ಇತ್ತಾಗ ಬಂದೂ ಇಲ್ಲ," ಎಂದು ತೊದಲಿದ.

ನಂದೀಶರ ದನಿ ಗಡುಸಾಯಿತು. "ಅರ್ಜಿ ಹಾಕಿದವರು ನೆಲಿ ಸುಟ್ಟಿದ್ದು ಖರೆ ಆದ್ರ, ಅರ್ಜಿ ಇವತ್ತ ಬಿದ್ದಹೋಗತೈತಿ. ಹುಳ ಸಿಗಲಿ ಬಿಡಲಿ, ಆ ಮಾತ ಬ್ಯಾರೆ. ಯಾರರ ನೋಡೀರೇನ್ರಿ?" ಎಂದು ಜನರ ಕಡೆ ತಿರುಗಿದರು.

ಭಾಗ್ಯಾ ನನ್ನತ್ತ ನೋಡಿದಳು. ನಿನ್ನೆ ನನಗೆ ಪಾಠ ಹೇಳಿದ ಹುಡುಗಿ ಈಗ ತುಟಿ ಎರಡು ಮಾಡಲಿಲ್ಲ. ಅಂದರೆ ಆಗಲಿ ಎಂದೇ ಅರ್ಥ. ಬೆಂಕಿ ಕಾಯ್ದ ಹಟ್ಟಿಯವರಿಗೆಲ್ಲ ಯಾರು ಹಚ್ಚಿದ್ದೆಂದು ಗೊತ್ತಿತ್ತು, ಒಬ್ಬರೂ ಉಸಿರೆತ್ತಲಿಲ್ಲ. ಮರಿಯವ್ವ ನೆಲ ನೋಡುತ್ತ ನಿಂತಳು. ಇನ್ನೊಂದು ಗಳಿಗೆ ಹಾಗೇ ಕಳೆದಿದ್ದರೆ ಸಾಕಿತ್ತು. ಖರೆ ಹೇಳುತ್ತೇನೆ, ನನಗೆ ಸುಳ್ಳಿನ ನಾಚಿಕೆ ಎಳ್ಳಷ್ಟೂ ಇರಲಿಲ್ಲ, ಖುಷಿಯಾಗುತ್ತಿತ್ತು.

ಮಾಳಿಂಗರಾಯ ಇಳಿಜಾರಿನ ಮೇಲ್ಬದಿಯಲ್ಲಿ ಮತ್ತೊಂದು ಚಿಟ್ಟೆ ಹಿಡಿಯಲು ಹೋಗಿದ್ದ. ಬೆಂಕಿ ಎಂಬ ಮಾತು ಕಿವಿಗೆ ಬಿದ್ದು ಅಲ್ಲಿಂದಲೇ ಕೈಯೆತ್ತಿ ಇಳಿದು ಬಂದ.

"ಅವರಲ್ರಿ ಸಾಹೇಬ್ರ! ಅವರಿಗೇನ್ ಗೊತ್ತೈತಿ ಹುಲ್ಲಿನ ವಿಚಾರ? ನಾನ ಹಚ್ಚಿದ್ದು. ರೋಹಿಣಿ ಮುಂದ ಒಣಾ ಹುಲ್ಲೆಲ್ಲಾ ಬುಡದಮಟ ಸುಟ್ಟೀನಿ. ಹುಳಕ್ಕ ಎಳೀ ಹುಲ್ಲು ಬೇಕಂತ ನನ್ನ ಮಗಳು ಹೇಳಿದ್ಲು. ಹಂಗ ಬಂದೈತಿ ನೋಡ್ರಿ!"

ಭಾಗ್ಯಾ ಕಣ್ಣು ಮುಚ್ಚಿಕೊಂಡಳು. ವೀರು ಕರ್ಚೀಪು ತೆಗೆದು ಹಣೆ ಒರೆಸಿಕೊಂಡ. ನಂದೀಶ ನನ್ನ ಕಡೆ ಒಮ್ಮೆ ನೋಡಿದರು. ಬೈದಿದ್ದರೆ ಚೆನ್ನಾಗಿತ್ತು. ಅವರು ಕೆಳಗೆ ಕೂತು ಹುಲ್ಲಿನ ಬುಡವನ್ನು ಪೆನ್ನಿನ ತುದಿಯಿಂದ ಕೆದರಿ, ಸುಟ್ಟ ಎಲೆಯ ಒಂದು ಸುರುಳಿಯನ್ನು ಎತ್ತಿ ಭಾಗ್ಯಾಳಿಗೆ ಹಿಡಿದರು.

"ಇದ ಏನು ಅದರ ಮನಿ?"

ಅವಳು ಹೌದೆಂದು ತಲೆಯಾಡಿಸಿದಳು. ಅವರು ಸುರುಳಿ ಬಿಚ್ಚಿದರು. ಒಳಗೆ ಜೀರಿಗೆ ಕಾಳಿನ ಹಾಗೆ ಕರಿದಾದ ಒಂದು ಸಣ್ಣ ಹುಳು ಇತ್ತು. ಮುಟ್ಟಿದ ಕೂಡಲೇ ಪುಡಿಯಾಯಿತು.

ಮಾಳಿಂಗರಾಯ ಅದನ್ನು ನೋಡಿದ. ಆ ಪುಡಿ ನೋಡಿದ, ಸುತ್ತಲಿನ ಹಸಿರು ನೋಡಿದ, ಆಮೇಲೆ ಮಗಳನ್ನು ನೋಡಿದ. "ಯವ್ವಾ," ಎಂದ, "ಒಳಗ ಇದ್ವೇನ ಅವು? ನಾ ಹಚ್ಚೂ ಮುಂದ?"

ಭಾಗ್ಯಾ ಮುಖ ತಿರುಗಿಸಿದಳು. ಅವನಿಗೆ ಉತ್ತರ ಸಿಕ್ಕಿತ್ತು. ಅಷ್ಟು ಎತ್ತರದ ಮನುಷ್ಯ ನಿಂತಲ್ಲೇ ಕುಸಿದು ಕೂತ. ಹೆಗಲ ಕಂಬಳಿ ಜಾರಿ ಬಿದ್ದದ್ದು ಅವನಿಗೆ ತಿಳಿಯಲೇ ಇಲ್ಲ.

ನಂದೀಶ ಜೀಪಿನ ಹತ್ತಿರ ನನ್ನನ್ನು ಕರೆದು ಮೆಲ್ಲಗೆ ಹೇಳಿದರು, "ನನಗ ಬ್ಯಾರೆ ದಾರಿ ಇಲ್ರಿ ಮೇಡಂ. ಕಂಡಿಲ್ಲ ಅಂತನ ಬರೀಬೇಕು." ನಾನು, "ಬರೀರಿ, ಬರೀರಿ, ಹೊಟ್ಟಿ ತುಂಬಾ ಬರೀರಿ," ಎಂದೆ. ಪಾಪ, ಅವರದೇನೂ ತಪ್ಪಿರಲಿಲ್ಲ. ಜೀಪುಗಳು ಇಳಿದು ಹೋದವು. ವೀರುವಿನ ಆಳುಗಳು ಮಾತ್ರ ಉಳಿದರು, ಸುಣ್ಣದ ಪುಡಿಯ ಚೀಲ ಹೊತ್ತು ಕೆಳಗಿನ ಅಂಚಿನಲ್ಲಿ ಗಡಿ ಗುರುತು ಹಾಕತೊಡಗಿದರು. ಆದೇಶ ಬರುವವರೆಗೂ ಕಾಯುವ ಅಗತ್ಯ ಅವರಿಗೆ ಕಾಣಲಿಲ್ಲ. ಹಟ್ಟಿಯವರು ಒಬ್ಬೊಬ್ಬರಾಗಿ ಮನೆಗೆ ಇಳಿದರು. ಒಬ್ಬನೂ ಮಾಳಿಂಗರಾಯನನ್ನು ಬೈಯಲಿಲ್ಲ, ಒಬ್ಬನೂ ಅವನ ಹತ್ತಿರ ನಿಲ್ಲಲಿಲ್ಲ.

ಅವನು ಅಳುತ್ತಾನೆ ಎಂದುಕೊಂಡಿದ್ದೆ. ಅಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಹುಲ್ಲಿನ ಮೇಲೆ ಕೂತಿದ್ದ ಒಂದು ಜಿಗಿಚಿಟ್ಟೆಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿದು ಮಗಳನ್ನು ಕರೆದ.

"ಇದು ಅದಲ್ಲಂತ ನಿನಗ ಹೆಂಗ ಗೊತ್ತಾತು? ನನಗ ತೋರಸು."

"ಬ್ಯಾಡಪ್ಪ. ಮನಿಗಿ ನಡಿ. ಅವ್ವ ಕಾಯಾಕತ್ತಾಳ."

"ತೋರಸಂದೆ."

ಭಾಗ್ಯಾ ಪಕ್ಕದಲ್ಲಿ ಕೂತಳು. ಒಂದು ಹುಲ್ಲುಕಡ್ಡಿ ಮುರಿದು, ರೆಕ್ಕೆ ಮುಟ್ಟದ ಹಾಗೆ ಅದರ ಮೇಲೆ ಹಿಡಿದು ತೋರಿಸಿದಳು. ಇವು ಎರಡು ಚುಕ್ಕೆ, ಇದು ಬರೆ, ಹೀಗೆ ಗೆರೆ. ಅವನು ಚಿಟ್ಟೆಯನ್ನು ಕಣ್ಣಿನ ಹತ್ತಿರ ತಂದ, ದೂರ ಹಿಡಿದ, ಮತ್ತೆ ಹತ್ತಿರ ತಂದ. ಕೊನೆಗೆ ಕಂಡಿತು.

"ತಾಕ್ತು."

"ಹೂಂನಪ್ಪ. ತಾಕ್ತು."

"ತಾಕಲಿಲ್ಲಂದ್ರ ಅದು."

"ತಾಕಲಿಲ್ಲಂದ್ರ ಅದು," ಎಂದಳು ಭಾಗ್ಯಾ. ಅವಳು ಅವನ ಭುಜಕ್ಕೆ ಹಣೆ ಹಚ್ಚಿ ಬಿಕ್ಕಿದಳು. ಅವನು ಅವಳ ತಲೆ ಸವರಲಿಲ್ಲ, ಕೈಯಲ್ಲಿ ಚಿಟ್ಟೆ ಇತ್ತು. ಅದನ್ನು ಮೊದಲು ಬಿಟ್ಟ.

ಕೆಳಗಿನ ಬಿಳಿ ಗೆರೆ ನಾವು ಕೂತಲ್ಲಿಯವರೆಗೂ ಬಂತು. ಸುಣ್ಣ ಹಾಕುವವನು, "ಸ್ವಲ್ಪ ಸರೀರಿ ಯಜಮಾನ್ರ," ಎಂದ. ನಾನು ಎದ್ದೆ, ಭಾಗ್ಯಾ ಎದ್ದಳು. ಮಾಳಿಂಗರಾಯ ಮೊಣಕಾಲ ಮೇಲೇ ಗೆರೆಯ ಒಳಗಡೆಗೆ ಸರಿದು ಕೂತ.

"ನೀವು ನಡೀರಿ," ಎಂದ. "ನಾ ಆಮ್ಯಾಲ ಬರತೇನಿ. ಒಂದರ ಉಳದಿರತೈತಿ. ಅಷ್ಟೂ ಹೆಂಗ ಸುಡತಾವ?"

ಇನ್ನೊಂದನ್ನು ಹಿಡಿದು, ಕಡ್ಡಿ ಇಟ್ಟು ನೋಡಿ, ಅಂಗೈ ಬಿಚ್ಚಿದ. "ಇದೂ ತಾಕ್ತು," ಎಂದು ಮುಂದಿನದಕ್ಕೆ ಕೈ ಚಾಚಿದ.